ನಿನ್ನ ಇಂಗ್ಲಿಷ್ ಹೋದ ಚಳಿಗಾಲ

ಪುಟ್ಟೀ,

ನಿನಗೆ ಕನ್ನಡ ಓದಲು ಬರುತ್ತಿರಲಿಲ್ಲ. ನೀನಿದ್ದಿದ್ದರೆ ಈ ಕಾಗದವನ್ನು ನಿನ್ನ ಅಪ್ಪನಾದ ನಾನೇ ಪಕ್ಕದಲ್ಲಿ ಕೂತು ಓದಿ ಹೇಳಬೇಕಾಗುತ್ತಿತ್ತು. ಮೊದಲು ಇಂಗ್ಲಿಷಿನಲ್ಲೇ ಬರೆಯೋಣವೆಂದು ಕೂತೆ. "ಡಿಯರ್ ವೀಣಾ" ಎಂದು ಬರೆದ ಮೇಲೆ ಕೈ ಮುಂದೆ ಹೋಗಲಿಲ್ಲ. ಆ ಭಾಷೆ ನಿನ್ನನ್ನು ಎತ್ತಿ ಮೆರೆಸಿತು. ಆಮೇಲೆ ಒಂದು ಬೆಳಿಗ್ಗೆ ಹೇಳದೆ ಕೇಳದೆ ನಿನ್ನನ್ನು ಬಿಟ್ಟುಹೋಯಿತು. ಅದರಲ್ಲಿ ನಿನಗೆ ಬರೆಯುವುದಾದರೂ ಹೇಗೆ?

ಷಿಕಾಗೋದಲ್ಲಿ ನಿನ್ನ ಮೊದಲ ನಾಟಕ ನೋಡಿದ ಸಂಜೆ ನೆನಪಾಗುತ್ತದೆ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಲಾ ಸ್ಕೂಲನ್ನು ಅರ್ಧಕ್ಕೇ ಬಿಟ್ಟು ನಟಿಯಾಗುತ್ತೇನೆಂದು ನೀನು ಅಲ್ಲಿಗೆ ಹೋಗಿದ್ದೆ. ಹಗಲು ಶಾಮ್‌ಬರ್ಗ್‌ನ ಯಾವುದೋ ಆಫೀಸಿನಲ್ಲಿ ಫೋನ್ ಎತ್ತುವ ಕೆಲಸ, ಸಂಜೆ ರಿಹರ್ಸಲ್. ನಾನೂ ಅಮ್ಮನೂ ಡೆಟ್ರಾಯಿಟ್ ಪಕ್ಕದ ಟ್ರಾಯ್‌ನಿಂದ ಇಡೀ ಹಗಲು ಕಾರಿನಲ್ಲಿ ಕೂತು ಬಂದಿದ್ದೆವು. ನಾಟಕಶಾಲೆ ಎಂದರೆ ಒಂದು ಲಾಂಡ್ರಿ ಅಂಗಡಿಯ ಮೇಲಿನ ಮಹಡಿ, ಮಡಚುವ ಕುರ್ಚಿಗಳು, ಗೋಡೆಯಲ್ಲಿ ಕೆಮ್ಮುವ ಹೀಟರು. ಅಮ್ಮ ಕೋಟನ್ನೂ ಬಿಚ್ಚದೆ ಮುಖ ಊದಿಸಿಕೊಂಡು ಕೂತಿದ್ದಳು. ಗಣಿ ಕುಸಿದು ಮಗನನ್ನು ಕಳೆದುಕೊಂಡ ಮುದುಕಿಯಾಗಿ ನೀನು ಬಂದೆ. ಬಾಯಿ ತೆರೆದೆ. ಹೀಟರಿನ ಸದ್ದು ಆಮೇಲೆ ನನಗೆ ಕೇಳಿಸಲೇ ಇಲ್ಲ. ಅಮ್ಮ ನನ್ನ ಕಿವಿಯ ಹತ್ತಿರ ಬಾಗಿ, "ಇವಳಿಗೆ ಈ ಗಂಟಲು ಎಲ್ಲಿಂದ ಬಂತು ರೀ?" ಎಂದಳು. ನಮ್ಮ ಎರಡೂ ಕಡೆ ಹಾಡಿದವರಿಲ್ಲ, ಆಡಿದವರಿಲ್ಲ. ನಾನು ಕಾರುಗಳಿಗೆ ಬ್ರೇಕ್ ಡಿಸೈನ್ ಮಾಡುವ ಇಂಜಿನಿಯರ್. ನಾಟಕ ಮುಗಿದು ನೀನು ಬಂದು "ಹೇಗಿತ್ತು?" ಎಂದು ಇಂಗ್ಲಿಷಿನಲ್ಲಿ ಕೇಳಿದಾಗ ನನಗೆ ಹೊಳೆದಿದ್ದು ಒಂದೇ ಉತ್ತರ. "ಒಂದೊಂದು ಮಾತೂ ಕೇಳಿಸ್ತು ಮಗಳೇ." ನೀನು ಜೋರಾಗಿ ನಕ್ಕು, "ದಟ್ಸ್ ಆಲ್ ಐ ವಾಂಟ್, ಅಪ್ಪ" ಎಂದು ತಬ್ಬಿಕೊಂಡೆ.

ಪೀಟರ್ ನಿನ್ನನ್ನು ಕಂಡುಕೊಂಡಿದ್ದೂ ಅಂಥದೇ ಒಂದು ಮಹಡಿಯ ಮೇಲೆ ಅಲ್ಲವೇ? ಅವನೂ ಆಗ ಹೆಸರಿಲ್ಲದ ನಿರ್ದೇಶಕ. ಡೆಟ್ರಾಯಿಟ್‌ನ ಪಾಳುಬಿದ್ದ ಒಂದು ಬೀದಿಯಲ್ಲಿ ನಿಮ್ಮ ಮೊದಲ ಚಿತ್ರ ತೆಗೆದಿರಿ. ನಮ್ಮ ಮನೆಗೆ ಹತ್ತಿರವೆಂದು ನಾನೊಂದು ದಿನ ಶೂಟಿಂಗ್ ನೋಡಲು ಬಂದೆ. ಅಡುಗೆಮನೆಯ ದೃಶ್ಯ. ಊರು ಬಿಟ್ಟು ಹೋಗೋಣವೆಂದು ಹಟ ಹಿಡಿದ ಗಂಡನಿಗೆ ನೀನು ಹೇಳುವ ಉದ್ದನೆಯ ಮಾತು. ಆ ಮಾತನ್ನು ಆಮೇಲೆ ಎಷ್ಟು ಜನ ಬಾಯಿಪಾಠ ಮಾಡಿಕೊಂಡರು! ಪತ್ರಿಕೆಗಳವರು ನಿನ್ನ ಮುಖಕ್ಕಿಂತ ಹೆಚ್ಚಾಗಿ ನಿನ್ನ ದನಿಯ ಬಗ್ಗೆ ಬರೆದರು. ನಿನ್ನ ಹೆಸರಿನ ಣಕಾರ ಅವರ ಯಾರ ನಾಲಿಗೆಗೂ ಹೊರಳಲಿಲ್ಲ, "ವೀನಾ, ವೀನಾ" ಎಂದೇ ಹೊಗಳಿದರು. ಮಗಳು ಓದು ಬಿಟ್ಟಳೆಂದು ನಮ್ಮೂರಿನ ದೇವಸ್ಥಾನದಲ್ಲಿ ಮೊದಲು ನಮ್ಮ ಕಡೆ ಕನಿಕರದಿಂದ ನೋಡುತ್ತಿದ್ದವರೇ ಪ್ರಸಾದದ ಸಾಲಿನಲ್ಲಿ ಅಮ್ಮನನ್ನು ನಿಲ್ಲಿಸಿ, "ಆಂಟಿ, ವೀಣಾ ಈ ಸಲ ಹಬ್ಬಕ್ಕೆ ಬರ್ತಾರಾ?" ಎಂದು ಕೇಳತೊಡಗಿದರು. ಪ್ರಶಸ್ತಿಗಳು ಬಂದವು. ಇನ್ನೂ ದೊಡ್ಡ ಚಿತ್ರಗಳು ಬಂದವು. ನೀನು ಮನೆಗೆ ಫೋನ್ ಮಾಡಿದಾಗ ಅಮ್ಮ ಕನ್ನಡದಲ್ಲಿ ಕೇಳುವಳು, ನೀನು ಇಂಗ್ಲಿಷಿನಲ್ಲಿ ಉತ್ತರ ಕೊಡುವೆ. ಚಿಕ್ಕಂದಿನಿಂದ ಹಾಗೇ ನಡೆದುಬಂದಿತ್ತು. ಯಾರಿಗೂ ಅದರಲ್ಲಿ ಕೊರತೆಯೇನೂ ಕಂಡಿರಲಿಲ್ಲ.

ಪೀಟರ್‌ನ ಜೊತೆಗೇ ಷಿಕಾಗೋದಲ್ಲಿ ಇನ್ನೊಂದು ಚಿತ್ರದ ಕೆಲಸ ಶುರುವಾಗಿತ್ತು, ಜನವರಿ. ಬೆಳಿಗ್ಗೆ ಮೇಕಪ್‌ಗೆಂದು ಕೂತವಳು ಕೈಯಲ್ಲಿದ್ದ ಕಾಫಿ ಕಪ್ಪನ್ನು ಕೈಬಿಟ್ಟೆಯಂತೆ. ಏನಾಯಿತೆಂದು ಮೇಕಪ್ ಮಾಡುವ ಹುಡುಗಿ ಕೇಳಿದರೆ ನಿನ್ನ ಬಾಯಿಂದ ಬರೀ ಉಸಿರು. ನಲವತ್ತೂ ತುಂಬದವಳಿಗೆ ಸ್ಟ್ರೋಕ್. ಹಿಮದ ರಸ್ತೆಯಲ್ಲಿ ನಾವು ಆಸ್ಪತ್ರೆ ಮುಟ್ಟುವ ಹೊತ್ತಿಗೆ ನಿನ್ನ ಬಲಗೈ ಹಾಸಿಗೆಯ ಮೇಲೆ ಬೇರೆ ಯಾರದೋ ಎಂಬಂತೆ ಬಿದ್ದಿತ್ತು. ನಮ್ಮನ್ನು ನೋಡಿದೆ, ಗುರುತು ಹಿಡಿದೆ, ಮಾತಿಲ್ಲ. ಮೂರನೆಯ ದಿನ ನರ್ಸ್ ಒಬ್ಬಳು ದಿಂಬು ಸರಿಮಾಡುತ್ತಿದ್ದಾಗ ನೀನು ತುಟಿ ಒದ್ದೆ ಮಾಡಿಕೊಂಡು, "ನೀರು" ಎಂದೆ. ಆಕೆ ಅದನ್ನು ಇಂಗ್ಲಿಷಿನ "ನಿಯರ್" ಎಂದುಕೊಂಡು ಹತ್ತಿರ ಬಂದಳು. ನೀನು ಮತ್ತೆ "ನೀರು" ಎಂದೆ. ಪಾಪ, ಆಕೆ ಇನ್ನೂ ಹತ್ತಿರ ಬಾಗಿ ನಿನ್ನ ಕೈ ಹಿಡಿದುಕೊಂಡಳು. ಅಷ್ಟು ಪ್ರೀತಿಯಿಂದ ಹಿಡಿದುಕೊಂಡಳು, ಆದರೆ ನಿನಗೆ ಬೇಕಾಗಿದ್ದು... ಮೂಲೆಯಲ್ಲಿದ್ದ ನಾನು ಎದ್ದು ಲೋಟ ತಂದೆ.

ನಿನಗೆ ಮಾತು ಕಲಿಸಲು ಆಶಾ ಮೊದಲ ಸಲ ಬಂದ ದಿನ ನಿನಗೆ ನೆನಪಿದೆಯೇ? ನಿನ್ನ ತರಬೇತಿಗಾಗಿ ನಾವು ಷಿಕಾಗೋ ಪಕ್ಕದ ಲಿಸ್ಲ್‌ನಲ್ಲಿ ಒಂದು ಅಪಾರ್ಟ್‌ಮೆಂಟ್ ಹಿಡಿದಿದ್ದೆವು. ಮೈಸೂರಿನಲ್ಲಿ ಸ್ಪೀಚ್ ಥೆರಪಿ ಓದಿದ ಹುಡುಗಿ ಅದೇ ಊರಿನಲ್ಲಿದ್ದಾಳೆಂದು ಅಲ್ಲಿನ ದೇವಸ್ಥಾನದವರು ಯಾರೋ ತಿಳಿಸಿದ್ದರು. ಅವಳು ಚಿತ್ರಗಳ ಕಾರ್ಡುಗಳನ್ನು ಮೇಜಿನ ಮೇಲೆ ಹರಡಿ ಮೊದಲು ಇಂಗ್ಲಿಷಿನಲ್ಲಿ ಕೇಳಿದಳು. ನಿನ್ನ ಕಣ್ಣು ಅವಳ ತುಟಿಯ ಮೇಲೇ ಅಲೆದಾಡಿತು, ಏನೂ ಸಿಗಲಿಲ್ಲ. ಆಮೇಲೆ ಕನ್ನಡದಲ್ಲಿ ಕೇಳಿದಳು. "ಚಮಚ", "ಹಾಲು", "ಬೆಕ್ಕು" ಎಂದು ನಿಧಾನವಾಗಿ, ಒಂದೊಂದನ್ನೇ ಭಾರ ಎತ್ತಿದಂತೆ ಹೇಳಿದೆ. ಬಾಗಿಲ ಹತ್ತಿರ ಬಂದು ನಾನು ಕೇಳಿದೆ, "ಇಂಗ್ಲಿಷ್ ವಾಪಸ್ ಬರತ್ತೇನಮ್ಮಾ?" ಅವಳು ಬೂಟು ಹಾಕಿಕೊಳ್ಳುತ್ತಿದ್ದವಳು ತಲೆ ಎತ್ತಿದಳು. "ಎರಡು ಭಾಷೆ ಇರೋರಲ್ಲಿ ಯಾವುದು ಉಳಿಯತ್ತೆ, ಯಾವುದು ಹೋಗತ್ತೆ ಅಂತ ಮೊದಲೇ ಹೇಳಕ್ಕಾಗಲ್ಲ ಅಂಕಲ್. ಸುಳ್ಳು ಭರವಸೆ ಕೊಡಲ್ಲ. ಆದ್ರೆ ನಾನು ಬಿಡಲ್ಲ, ಪ್ರಯತ್ನ ಮಾಡ್ತೀನಿ." ಅವಳು ನಿಜಕ್ಕೂ ಬಿಡಲಿಲ್ಲ ಪುಟ್ಟೀ. ವಾರವಾರವೂ ಬಂದಳು. ಬಂದಿದ್ದು ಮಾತ್ರ ಕನ್ನಡವೇ.

ಅಮ್ಮ ಒಂದು ಮಧ್ಯಾಹ್ನ ನಿನಗೆ ಅನ್ನ ಕಲಸಿ ಕೊಡುತ್ತಿದ್ದಾಗ, "ಅಮ್ಮ, ಬಿಸಿ. ಆಮೇಲೆ" ಎಂದೆ. ಅಷ್ಟೇ ಮಾತು. ಅಮ್ಮ ಸ್ನಾನದ ಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. "ಇವಳ ಬಾಯಲ್ಲಿ ಒಂದು ಕನ್ನಡ ಮಾತು ಕೇಳಕ್ಕೆ ಎಷ್ಟು ವರ್ಷ ಆಸೆಪಟ್ಟೆ ರೀ. ಹೀಗಾ ಬರ್ಬೇಕಿತ್ತು ಅದು?" ಎಂದು ಕೇಳಿದಳು.  ನಿನ್ನಲ್ಲಿ ಉಳಿದಿದ್ದು ಐದು ವರ್ಷದ ಮಗುವಿನ ಕನ್ನಡ. ಬೇಕು, ಬೇಡ, ಸಾಕು, ಬಿಸಿ, ಅಪ್ಪ ಎಲ್ಲಿ, ಹೋಗೋಣ. ಸ್ಕೂಲಿಗೆ ಸೇರಿದ ಮೇಲಿನ ನಿನ್ನ ಬದುಕೆಲ್ಲ ನಡೆದಿದ್ದು ಇನ್ನೊಂದು ಭಾಷೆಯಲ್ಲಿ. ದೊಡ್ಡವರ ದುಃಖಕ್ಕೆ ಈ ಕನ್ನಡದಲ್ಲಿ ನಿನಗೆ ಪದವೇ ಇರಲಿಲ್ಲ. ಕಿಟಕಿಯ ಹತ್ತಿರ ಗಂಟೆಗಟ್ಟಲೆ ಕೂತಿರುತ್ತಿದ್ದೆ. ಏನಾಯಿತು ಮಗಳೇ ಎಂದರೆ ಎದೆಯ ಮೇಲೆ ಎಡಗೈ ಇಟ್ಟುಕೊಂಡು, "ಹೊಟ್ಟೆ ನೋವು" ಎನ್ನುತ್ತಿದ್ದೆ.

ನಿನ್ನ ಚಿತ್ರದ ಡಿವಿಡಿ ಹಾಕಿದ್ದು ಅಮ್ಮನ ಯೋಚನೆ. ನಿನ್ನದೇ ದನಿ ಕೇಳಿದರೆ ಒಳಗೆ ಏನಾದರೂ ಎದ್ದೀತೆಂಬ ಆಸೆ. ನೀನು ಸೋಫಾದಲ್ಲಿ ಶಾಲು ಹೊದ್ದು ಕೂತೆ. ಅಡುಗೆಮನೆಯ ದೃಶ್ಯ ಬಂತು. ತೆರೆಯ ಮೇಲಿನ ನೀನು ಮಾತಾಡುತ್ತಲೇ ಇದ್ದೆ, ಏರುತ್ತಾ, ಇಳಿಯುತ್ತಾ, ನಡುವೆ ನಗುತ್ತಾ. ಸೋಫಾದ ಮೇಲಿನ ನೀನು ಮುಂದಕ್ಕೆ ಬಾಗಿ ನೋಡಿದೆ. ತೆರೆಯನ್ನು ತೋರಿಸಿದೆ, ನಿನ್ನ ಎದೆಯನ್ನು ತೋರಿಸಿಕೊಂಡೆ. ಆಮೇಲೆ ನನ್ನ ಕಡೆ ತಿರುಗಿ ಕೇಳಿದೆ, "ಅಪ್ಪ, ನಾನು ಏನಂತಿದೀನಿ?"



ಚಿತ್ರ ನಿಲ್ಲಿಸಿ ನಾನು ಹೇಳತೊಡಗಿದೆ. ನಿನಗೆ ಅರ್ಥವಾಗುವಷ್ಟೇ ಕನ್ನಡದಲ್ಲಿ ಹೇಳಬೇಕಿತ್ತು. "ನೀನು ಹೋಗು ಅಂತೀಯ. ನಾನು ಬರಲ್ಲ ಅಂತೀಯ. ಈ ಬೀದೀಲಿ ನಮ್ಮನೇದು ಒಂದೇ ದೀಪ ಇರೋದು, ಅದನ್ನೂ ಆರ್ಸಿದ್ರೆ ದಾರಿಹೋಕರಿಗೆ ಏನೂ ಕಾಣಲ್ಲ ಅಂತೀಯ." ನೂರಾರು ಜನ ಉಸಿರು ಬಿಗಿಹಿಡಿದು ಕೇಳಿದ ಮಾತು ನನ್ನ ಬಾಯಲ್ಲಿ ಅಷ್ಟಕ್ಕೇ ಮುಗಿದುಹೋಯಿತು. ನೀನು ನಿಂತುಹೋದ ಚಿತ್ರವನ್ನೇ ಬಹಳ ಹೊತ್ತು ನೋಡಿದೆ. ಕೊನೆಗೆ, "ಅವಳು ಜಾಣೆ" ಎಂದೆ. ಸ್ವಲ್ಪ ಹೊತ್ತಿನ ಹಿಂದೆ "ನಾನು" ಎಂದಿದ್ದವಳು ಆಗ "ಅವಳು" ಎಂದೆ. ಅಲ್ಲಿಂದಾಚೆ ನೀನು ಆ ಡಿವಿಡಿ ಕೇಳಲಿಲ್ಲ, ನಾವೂ ಹಾಕಲಿಲ್ಲ.

ಪೀಟರ್ ಲಿಸ್ಲ್‌ಗೆ ಬಂದಾಗ ಹಿಮ ಕರಗಲು ಶುರುವಾಗಿತ್ತು. ಹೂ ತಂದಿದ್ದ. ನಿನ್ನ ಎದುರಿಗೆ ಕೂತು ನಿನ್ನನ್ನು ನೋಡದೆ, ನನ್ನನ್ನು ನೋಡುತ್ತಾ ಮಾತಾಡಿದ. ಹಣ ಹಾಕಿದವರು ಇನ್ನು ಕಾಯುವುದಿಲ್ಲ, ನಿನ್ನ ಪಾತ್ರಕ್ಕೆ ಬೇರೆ ನಟಿಯನ್ನು ತಂದು ಎಲ್ಲವನ್ನೂ ಮತ್ತೆ ತೆಗೆಯುತ್ತಾರೆ. "ನೀವೇ ಅವಳಿಗೆ ಹೇಳ್ತೀರಾ?" ಎಂದು ಕೇಳಿದ. ಅವನ ಕಣ್ಣಲ್ಲೂ ನೀರಿತ್ತು, ಅವನನ್ನು ಬೈಯಲಾರೆ. ನಾನು ನಿನ್ನ ಮುಂದೆ ನೆಲದ ಮೇಲೆ ಕೂತುಕೊಂಡೆ. "ಪುಟ್ಟೀ, ನಿನ್ನ ಸಿನಿಮಾ ಇದೆಯಲ್ಲ. ಅದರಲ್ಲಿ ಈಗ ಬೇರೆಯವರು ಮಾಡ್ತಾರಂತೆ." ನೀನು ಅವನ ಮುಖ ನೋಡಿದೆ, ನನ್ನ ಮುಖ ನೋಡಿದೆ. ಚಿಕ್ಕವಳಿದ್ದಾಗ ಟಿವಿ ಆರಿಸಿ ಮಲಗು ಎಂದರೆ ಹೇಳುತ್ತಿದ್ದೆಯಲ್ಲ, ಥೇಟು ಹಾಗೆಯೇ ಹೇಳಿದೆ. "ಆಯ್ತು." ಅವನು ಹೋದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದೆ. ಊಟಕ್ಕೆ ಎಬ್ಬಿಸಿದರೆ, "ಬೇಡ. ಹೊಟ್ಟೆ ನೋವು."

ಆ ವಸಂತದಲ್ಲಿ ಇನ್ನೊಂದು ಸ್ಟ್ರೋಕ್ ಬಂತು, ಅದು ನಿನ್ನನ್ನು ನಮಗೆ ಉಳಿಸಲಿಲ್ಲ. ಪತ್ರಿಕೆಗಳು ಆ ಅಡುಗೆಮನೆಯ ಮಾತುಗಳನ್ನು ಹಾಕಿ ನಿನ್ನ ದನಿಯನ್ನು ಮತ್ತೊಮ್ಮೆ ಕೊಂಡಾಡಿದವು. ಓದಿ ಮಡಚಿಟ್ಟೆ. ಅವರು ಬರೆದ ನಟಿಗೂ, ನನ್ನ ಹೆಗಲಿಗೆ ಒರಗಿ "ಹೋಗೋಣ ಅಪ್ಪ, ಮನೆಗೆ" ಎನ್ನುತ್ತಿದ್ದ ನಿನಗೂ ನಡುವೆ ಏನು ನಡೆಯಿತೆಂದು ಅವರಿಗೆ ಯಾರು ಹೇಳಬೇಕು? ಯಾವ ಭಾಷೆಯಲ್ಲಿ? ನಾವು ಟ್ರಾಯ್‌ಗೆ ವಾಪಸ್ ಬಂದೆವು. ಅಮ್ಮ ಈಗ ಮನೆಯಲ್ಲಿ ಹೆಚ್ಚು ಮಾತಾಡುವುದಿಲ್ಲ. 

ಮೊನ್ನೆ ನಿನ್ನ ಆ ಚಿತ್ರ ಬಿಡುಗಡೆಯಾಗಿ ನಮ್ಮೂರಿನ ಥಿಯೇಟರಿಗೆ ಬಂತು. "ಇನ್ನೊಬ್ಬಳನ್ನ ನೋಡಕ್ಕೆ ನಾನು ಬರಲ್ಲ ರೀ" ಎಂದ ಅಮ್ಮ, ನಾನು ಕಾರಿನ ಕೀಲಿ ತೆಗೆದುಕೊಂಡಾಗ ಸ್ವೆಟರ್ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಆ ಹುಡುಗಿ ಚೆನ್ನಾಗಿಯೇ ಮಾಡಿದ್ದಾಳೆ. ನಿಜ ಹೇಳಬೇಕಲ್ಲ. ಚಿತ್ರ ಅರ್ಧ ದಾಟಿತ್ತು. ಹಿಮ ಸುರಿಯುವಾಗ ಅವಳು ಮನೆಬಿಟ್ಟು ಹೊರಡುತ್ತಾಳೆ, ರೈಲುಹಳಿಯ ಮೇಲಿನ ಸೇತುವೆಯನ್ನು ದಾಟುತ್ತಾಳೆ. ದೂರದಿಂದ, ಹಿಂದಿನಿಂದ ತೆಗೆದ ದೃಶ್ಯ, ಮುಖ ಕಾಣುವುದಿಲ್ಲ. ಅಮ್ಮ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಳು.

"ರೀ, ಇದು ಅವಳಲ್ಲ. ಇದು ನಮ್ಮ ಪುಟ್ಟಿ."

ನೀನೇ. ಎಡಭುಜ ಸ್ವಲ್ಪ ತಗ್ಗಿಸಿ, ಯಾವುದೋ ಗಾಳಿಗೆ ಎದೆಕೊಟ್ಟವಳಂತೆ ನಡೆಯುವ ನೀನೇ. ಮರುದಿನ ಪೀಟರ್‌ಗೆ ಫೋನ್ ಮಾಡಿದೆ.  ಅವನು ಹೇಳಿದ, ಅದು ನೀನು ಕಾಯಿಲೆ ಬೀಳುವ ಮುಂಚಿನ ವಾರ ತೆಗೆದಿದ್ದು, ಅಂಥ ಹಿಮ ಮತ್ತೆ ಸಿಗಲಿಲ್ಲ, ಹಾಗಾಗಿ ಅದನ್ನೇ ಇಟ್ಟುಕೊಂಡೆವು. ನಿನಗಾಗಿ ಅಲ್ಲ ಮಗಳೇ, ಹಿಮಕ್ಕಾಗಿ. ಹಿಂದಿನ ದಿನ ಚಿತ್ರದ ಕೊನೆಗೆ ಬಂದ ಹೆಸರುಗಳನ್ನೆಲ್ಲ ದೀಪ ಹತ್ತುವವರೆಗೆ ಕೂತು ಓದಿದ್ದೆ. ನಿನ್ನ ಹೆಸರು ಎಲ್ಲೂ ಇರಲಿಲ್ಲ.

ಇಷ್ಟನ್ನು ನಿನಗೆ ತಿಳಿಸಬೇಕಿತ್ತು. ನೀನು ಆ ಚಿತ್ರದಲ್ಲಿ ಇದ್ದೀಯ. ನೋಡಲು ಬರುವವರಲ್ಲಿ ಅದು ಅಮ್ಮನಿಗೆ, ನನಗೆ ಬಿಟ್ಟು ಇನ್ನಾರಿಗೂ ಗೊತ್ತಿಲ್ಲ. ನಾಳೆ ಮಧ್ಯಾಹ್ನದ ಆಟಕ್ಕೆ ಮತ್ತೆ ಹೋಗುತ್ತೇವೆ. ನಾಡಿದ್ದೂ ಹೋಗುತ್ತೇವೆ. ಚಿತ್ರ ಊರಿನಿಂದ ಎತ್ತಂಗಡಿಯಾಗುವವರೆಗೆ ದಿನವೂ ಹೋಗಿ ಕೂರುತ್ತೇವೆ, ನೀನು ಸೇತುವೆ ದಾಟುವಾಗ ಥಿಯೇಟರಿನಲ್ಲಿ ನಿನ್ನ ಹೆಸರು ಗೊತ್ತಿರುವವರು ಇಬ್ಬರಾದರೂ ಇರಲಿ ಎಂದು.

ನಿನ್ನ
ಅಪ್ಪ