ಒಂದೇ ಸಾಲಿಗೆ ಆರುನೂರು ಫೋಟೋ

ಮನೆಯಿಂದ,
ಭಾನುವಾರ ಬೆಳಿಗ್ಗೆ, ಮಾರ್ಚ್ ೯

ಪ್ರೀತಿಯ ಯಜಮಾನರಿಗೆ,

ಹೇಗಿದ್ದೀರಿ? ಮೊಣಕೈ ನೋವು ಇಳಿಯಿತೇ, ಇಲ್ಲ ಮುಲಾಮನ್ನು ಹಾಗೇ ಟ್ರಂಕಿನಲ್ಲಿ ಮಲಗಿಸಿದ್ದೀರಾ? ಇಲ್ಲಿ ನಾವು ಮೂವರೂ ಕ್ಷೇಮ. ಮಗಳ ಮುಂದಿನ ಹಲ್ಲು ಬಿದ್ದಿದೆ, ಬಾಯಿ ಮಾತ್ರ ಒಂದು ಚೂರೂ ಕಡಿಮೆಯಾಗಿಲ್ಲ. ಅತ್ತೆಯ ಬಿ.ಪಿ. ಹಿಡಿತದಲ್ಲಿದೆ. ನಿಮ್ಮ ಕ್ಯಾಂಪಿನಲ್ಲಿ ಸಿಗ್ನಲ್ ಇಲ್ಲದಿರುವುದೂ ಒಂದು ರೀತಿಯಲ್ಲಿ ಒಳ್ಳೆಯದೇ. ಫೋನಿನಲ್ಲಾದರೆ ನೀವು "ಹೂಂ, ಹೂಂ" ಎಂದು ಮುಗಿಸಿಬಿಡುತ್ತೀರಿ. ವಾರಕ್ಕೊಮ್ಮೆ ಸಾಮಾನಿನ ಲಾರಿಯಲ್ಲಿ ಬರುವ ಪತ್ರವನ್ನು ಪೂರ್ತಿ ಓದಲೇಬೇಕು.

ಈಗ ದೊಡ್ಡ ಸುದ್ದಿ. ಹೊಲಿಗೆ ಮಿಷನ್ ಬಿಟ್ಟು ಬೇರೆ ಮಿಷನ್ ಮುಟ್ಟದವಳು ಎಂದು ನಗುತ್ತಿದ್ದಿರಲ್ಲ, ಆ ನಿಮ್ಮ ಹೆಂಡತಿ ನಿನ್ನೆ ಮಗಳ ಆರುನೂರು ಫೋಟೋಗಳನ್ನು ಒಂದೇ ಸಾಲು ಬರೆದು ನಮ್ಮ ಮನೆಮಂದಿಯ ಆನ್‌ಲೈನ್ ಗ್ಯಾಲರಿಗೆ ಏರಿಸಿದ್ದಾಳೆ. ನಮ್ಮ ಹಳೇ ಲ್ಯಾಪ್‌ಟಾಪಿನಲ್ಲಿ ಗ್ಯಾಲರಿಯ ಪುಟ ತೆರೆದು ಹಾಕಲು ಹೋದರೆ ಹತ್ತನೇ ಫೋಟೋಗೇ ಏದುಸಿರು ಬಿಡುತ್ತಿತ್ತು. ಪಕ್ಕದ ಬೀದಿಯ ಕಂಪ್ಯೂಟರ್ ರಿಪೇರಿಯವಳು ಪ್ಯಾಂಟು ಬಿಗಿ ಮಾಡಿಸಲು ಬಂದಿದ್ದಳು. "ಅಕ್ಕಾ, ಮೌಸ್ ಮುಟ್ಟಲೇಬೇಡಿ" ಎಂದು ಒಂದು ಕಪ್ಪು ಕಿಟಕಿ ತೆರೆದಳು. ಅದರಲ್ಲಿ ಚಿತ್ರವಿಲ್ಲ, ಬಟನ್ ಇಲ್ಲ. ಏನಾಗಬೇಕೋ ಅದನ್ನು ಟೈಪ್ ಮಾಡಿ ಎಂಟರ್ ಒತ್ತಬೇಕು, ಅಷ್ಟೇ. ಅಪ್‌ಲೋಡ್ ಎಂದು ಬರೆದು, ಒಂದು ಜಾಗ ಬಿಟ್ಟು, ಫೋಲ್ಡರಿನ ಹೆಸರು. ಜಾಗ ಬಿಡಲು ಮರೆತರೆ ಅಂಥದ್ದೇನೂ ಇಲ್ಲ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುತ್ತದೆ. ಕಾಲು ಇಂಚು ತಪ್ಪಿದರೂ ಕಾಲರ್ ಕೂರುವುದಿಲ್ಲ ಎಂದು ಗೊತ್ತಿರುವ ನನಗೆ ಇದೇನು ಮಹಾ? ಎರಡೇ ಸಲಕ್ಕೆ ಕೈಗೆ ಹತ್ತಿತು.

ಆಮೇಲೆ ನನ್ನ ತಲೆಯೂ ಓಡಿತು. ಶಾಲೆ, ಈಜು, ಹುಟ್ಟುಹಬ್ಬ ಎಂದು ಒಂದೊಂದೇ ಫೋಲ್ಡರಿನ ಹೆಸರು ಬರೆಯುತ್ತಾ ಕೂರುವುದೇಕೆ? ಹೆಸರಿನ ಬದಲು ನಕ್ಷತ್ರದ ಗುರುತು ಹಾಕಿದರೆ ಇರುವುದೆಲ್ಲ ಹೋಗುತ್ತದೆ ಎಂದು ಅವಳು ಮಾತಿನ ನಡುವೆ ಹೇಳಿದ್ದಳು. ಹಾಕಿಯೇಬಿಟ್ಟೆ. ಸಾಲುಗಳು ಸರಸರ ಏರತೊಡಗಿದವು; ನಾನು ಎರಡು ಅಂಗಿಗೆ ಗುಂಡಿ ಹಚ್ಚಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಗ್ಯಾಲರಿ ತೆರೆದು ನೋಡುವ ಗೋಜಿಗೂ ಹೋಗಲಿಲ್ಲ, ನನ್ನ ಮೇಲೆ ನನಗೆ ಅಷ್ಟು ನಂಬಿಕೆ.

ಇನ್ನು ನಮ್ಮಿಬ್ಬರ ಆ ವಿಷಯ. ಟವರ್ ಹತ್ತಿ ಬೋಲ್ಟು ಬಿಗಿಯುವ ನಿಮ್ಮ ಫೋಟೋಗಳನ್ನು ರಜೆಗೆ ಬಂದಾಗ ಮಗಳ ಫೋಟೋಗಳ ಪಕ್ಕದಲ್ಲೇ "ಸ್ಟೋರು" ಎಂಬ ಹೆಸರಿಟ್ಟು ಬಚ್ಚಿಟ್ಟಿರಲ್ಲ, ಅವನ್ನು ಯಾರಿಗೂ ತೋರಿಸಿಲ್ಲ. ಮಾವ ಕರೆಂಟು ಕಂಬದಿಂದ ಬಿದ್ದು ತೀರಿಕೊಂಡ ಮೇಲೆ ಮಗನನ್ನು ಏಣಿ ಹತ್ತಲೂ ಬಿಡದ ಅತ್ತೆಯ ಪಾಲಿಗೆ ನೀವು ಈಗಲೂ ಕುರ್ಚಿಯಲ್ಲಿ ಕೂತು ಸಾಮಾನು ಹಂಚುವವರು. ಗೊತ್ತಾದರೆ ಎದೆಯೊಡೆದುಕೊಳ್ಳುತ್ತಾರೆ, ನಿಮ್ಮ ಕೆಲಸ ಬಿಡಿಸದೆ ಬಿಡುವುದಿಲ್ಲ. ಅವರಿಗೆ ಸುಳ್ಳು ಹೇಳಿ ಹೇಳಿ ನನಗೆ ನಾಚಿಕೆಯಾಗುತ್ತದೆ, ಆದರೂ ಕೊಟ್ಟ ಮಾತು ಮಾತೇ. ನಿಶ್ಚಿಂತೆಯಾಗಿರಿ. ಅಷ್ಟೆತ್ತರದಲ್ಲಿ ಕೈ ಬೀಸಿ ನಗುತ್ತಿರುವ ಆ ಒಂದು ಫೋಟೋವನ್ನು ಮಾತ್ರ ಬಾಗಿಲು ಹಾಕಿಕೊಂಡು ಆಗಾಗ ನೋಡುತ್ತೇನೆ. ನಿಮ್ಮನ್ನು ಕಾಣದೆ ತುಂಬಾ ದಿನವಾಯಿತು.

ಮಗಳು ಮುತ್ತು ಕಳಿಸಿದ್ದಾಳೆ, ಹಲ್ಲಿನ ಕಿಂಡಿಯ ಗಾಳಿಯೂ ಸೇರಿ. ಅತ್ತೆಯ ಆಶೀರ್ವಾದಗಳು. ಹೊತ್ತು ಹೊತ್ತಿಗೆ ಊಟ ಮಾಡಿ.

ಇಂತಿ,
ನಿಮ್ಮವಳು

ತಾ.ಕ.: ಅಂಟಿಸಿದ ಲಕೋಟೆ ಕಿತ್ತು ಬರೆಯುತ್ತಿದ್ದೇನೆ, ಲಾರಿ ಹೊರಡುವ ಹೊತ್ತಾಯಿತು. ತಪ್ಪಾಗಿಹೋಗಿದೆ ರೀ. ಆ ನಕ್ಷತ್ರ ನಿಮ್ಮ "ಸ್ಟೋರನ್ನೂ" ಹೊತ್ತೊಯ್ದಿದೆ. ಅತ್ತೆ ಮೊಮ್ಮಗಳ ಫೋಟೋ ನೋಡುತ್ತಾ ನೋಡುತ್ತಾ ಅಲ್ಲಿಗೆ ಬಂದು ನಿಂತರು. ಅವರು ಅಳಲಿಲ್ಲ, ಬೈಯಲಿಲ್ಲ. ಕನ್ನಡಕ ಒರೆಸಿಕೊಂಡು ಆ ನಗುವ ಫೋಟೋ ದೊಡ್ಡದು ಮಾಡಿಸಿದರು, ಇನ್ನೂ ದೊಡ್ಡದು ಎಂದರು. ನಿಮ್ಮ ಮುಖ ಪರದೆಯಾಚೆ ಹೋಗಿ ಬೀಳದಂತೆ ಟವರಿಗೆ ಸಿಕ್ಕಿಸಿಕೊಳ್ಳುವ ಸೊಂಟದ ಬೆಲ್ಟು ಮಾತ್ರ ಉಳಿಯಿತು. "ಎರಡು ಕೊಕ್ಕೆ ಇದೆ, ಒಂದೇ ಸಿಕ್ಕಿಸಿದ್ದಾನೆ ನೋಡು. ಇನ್ನೊಂದು ನೇತಾಡ್ತಿದೆ. ಅವರಪ್ಪನೂ ಒಂದು ಸಾಕು ಅಂತಿದ್ರು" ಎಂದರು. ನೂರು ಸಲ ನೋಡಿದ ನನಗೆ ಅದು ಕಂಡಿರಲಿಲ್ಲ. ಹತ್ತಬೇಡ ಅಂತ ಅವರು ಹೇಳಲಿಲ್ಲ. "ಎರಡೂ ಹಾಕ್ಕೊಂಡು ಇನ್ನೊಂದು ಫೋಟೋ ತೆಗೆಸಿ ಲಾರಿಯವರ ಕೈಲಿ ಕಳಿಸು ಅಂತ ಬರಿ" ಅಂದರು. ಈಗಲೂ ಅದರ ಮುಂದೆಯೇ ಕೂತಿದ್ದಾರೆ, ಊಟಕ್ಕೂ ಎದ್ದಿಲ್ಲ. ಎರಡೂ ಹಾಕಿಕೊಳ್ಳಿ ರೀ.