ಗೆಂಡೆ ಮೀನು ಕುಳ್ಳಾದದ್ದು, ಮತ್ತೆ ಬೆಳೆದದ್ದು

ಕೃಷ್ಣೆಯ ಹಿನ್ನೀರು ಹೊಳೆಯಿಂದ ಕಡಿದುಹೋಗಿ ಕೆರೆಯಾದ ಮೇಲಿನ ಇನ್ನೂರ ಹದಿನಾಲ್ಕನೆಯ ಬೇಸಿಗೆ

ನನಗಿಂತ ಬಹಳ ಹಿಂದೆ ಬದುಕುತ್ತಿರುವ ಹಿರಿಯರೇ,

ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಪುಸ್ತಕಗಳಿಂದ ಕಲಿತವಳು. ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿದರೆ ಮನ್ನಿಸಿ. ನಿಮ್ಮ ಮೇಲೆ ನನಗೆ ಸ್ವಲ್ಪ ಸಿಟ್ಟೂ ಇದೆ, ಅದನ್ನು ಮಾತ್ರ ಮನ್ನಿಸಬೇಕಾಗಿಲ್ಲ.

ನೀವು ಬಲೆ ಬೀಸಿ ದೊಡ್ಡ ಗೆಂಡೆಗಳನ್ನೆಲ್ಲ ಹಿಡಿದಿರಿ. ಸಣ್ಣವು ಬಲೆಯ ಕಣ್ಣಿನಲ್ಲಿ ನುಸುಳಿ ಉಳಿದವು. ಮರಿಗಳು ತಾನೇ, ಬೆಳೆಯುತ್ತವೆ ಬಿಡಿ ಎಂದುಕೊಂಡಿರಿ. ಆದರೆ ಉಳಿದದ್ದೆಲ್ಲ ಮರಿಯಲ್ಲ. ಹುಟ್ಟಿನಿಂದಲೇ ಕುಳ್ಳಾದವು, ಗೇಣುದ್ದಕ್ಕೇ ಬೆಳವಣಿಗೆ ನಿಲ್ಲಿಸಿ ಬೇಗ ಮೊಟ್ಟೆಯಿಡುವಂಥವು ಅವುಗಳಲ್ಲಿ ಇದ್ದವು. ಅವುಗಳ ಮರಿಗಳೂ ತಾಯಿಯಂತೆಯೇ ಆದವು. ತಲೆಮಾರುಗಳು ಕಳೆದಂತೆ ನೀರಿನ ತುಂಬ ಆ ಸಂತತಿಯೇ ಆಯಿತು. ಯಾವ ಮೀನೂ ಕುಳ್ಳಾಗಬೇಕೆಂದು ನಿಶ್ಚಯಿಸಲಿಲ್ಲ, ಯಾರೂ ಅದಕ್ಕೆ ಹೇಳಿಕೊಡಲಿಲ್ಲ. ಯಾರು ಉಳಿದರು, ಯಾರ ಮಕ್ಕಳು ಹುಟ್ಟಿದರು ಎಂಬಷ್ಟರಿಂದಲೇ ಒಂದು ಜೀವದ ರೂಪ ಬದಲಾಗಿಬಿಡುತ್ತದೆ ಎಂದು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಮನುಷ್ಯರಾದ ನಾವೂ ಹೀಗೆಯೇ ರೂಪುಗೊಂಡವರಂತೆ.

ನಮ್ಮ ಮುತ್ತಜ್ಜಂದಿರು ಭಾರೀ ಜಾಣರು. ಕುಳ್ಳ ಗೆಂಡೆಗಳನ್ನು ತೊಟ್ಟಿಯಲ್ಲಿ ಸಾಕಿ, ಸಜ್ಜೆ ಹಿಟ್ಟು, ಶೇಂಗಾ ಹಿಂಡಿ ತಿನ್ನಿಸಿದರು. ಮೀನುಗಳಿಗೆ ಹೊಟ್ಟೆ ಬಂತೇ ಹೊರತು ಉದ್ದ ಬರಲಿಲ್ಲ. ಕೆರೆಗೆ ಬಿಟ್ಟ ಅವುಗಳ ಮರಿಗಳಿಗೆ ಆ ಹೊಟ್ಟೆಯೂ ಬರಲಿಲ್ಲ. ಊರೆಲ್ಲ ನಕ್ಕಿತು. ಆಮೇಲೆ ಶುರುವಾದದ್ದು ಬಿಡುಗೆ. ಅಂದರೆ ಬಲೆಗೆ ಬಿದ್ದವುಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಮನೆಯವರೆಲ್ಲ ಒದ್ದೆ ಕೈಯಲ್ಲಿ ಒಮ್ಮೆ ಮುಟ್ಟಿ, ತಿರುಗಿ ನೀರಿಗೆ ಬಿಡುವುದು. ಅಂದಿನಿಂದ ಮೀನು ತಲೆಮಾರಿಗಿಷ್ಟು ಎಂದು ನಿಧಾನವಾಗಿ ಬೆಳೆಯುತ್ತ ಬಂದಿದೆ.

ನನ್ನ ಅವ್ವ ತುಳಜವ್ವ ಹಾಸಿಗೆ ಹಿಡಿದ ಮೇಲೆ ಅವಳಿಗೆ ಒಂದೇ ಆಸೆ, ದೊಡ್ಡ ಗೆಂಡೆಯ ಸಾರು. ಮಾಡಿಕೊಡುತ್ತೇನೆಂದು ನಾನು ಮಾತು ಕೊಟ್ಟುಬಿಟ್ಟಿದ್ದೆ. ಈ ಬೇಸಿಗೆಯಲ್ಲಿ ನನ್ನ ಬಲೆಗೇ ಬಿತ್ತು, ನನ್ನ ತೋಳಿನುದ್ದದ ಗೆಂಡೆ, ಹೊಟ್ಟೆ ತುಂಬ ಮೊಟ್ಟೆ. ಅಷ್ಟು ದೊಡ್ಡದನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ನೀರು ತುಂಬಿದ ಕೊಪ್ಪರಿಗೆಯಲ್ಲಿ ಮನೆಗೆ ತಂದು, ಬಾಗಿಲು ಹಾಕಿಕೊಂಡು, ಈಳಿಗೆಯನ್ನೂ ತೆಗೆದಿಟ್ಟೆ. ಅವ್ವ ನೀರಿನೊಳಗೆ ಕೈಯಿಳಿಸಿ ತಲೆಯಿಂದ ಬಾಲದವರೆಗೆ ಸವರಿದಳು. ಅವಳ ಕಣ್ಣು ತುಂಬಿತು.

“ನಂದು ಒಂದು ಬಾಯಿ. ಇದರ ಹೊಟ್ಟ್ಯಾಗ ಒಂದು ಊರ ಐತಿ. ಬಿಟ್ಟ್ ಬಾ ಯವ್ವಾ,” ಅಂದಳು.

ಅಳುತ್ತಲೇ ಬಿಟ್ಟು ಬಂದೆ. ಆ ವಾರವೇ ಅವ್ವ ಅಂಬಲಿ ಕುಡಿದು ಕಣ್ಣು ಮುಚ್ಚಿದಳು.

ನಿಮ್ಮ ಕಾಲದಲ್ಲಿ ಆ ಸಾರು ದಿನದ ಊಟವಂತೆ. ಉಣ್ಣಿ, ಬೇಡವೆನ್ನುವುದಿಲ್ಲ. ಎಲ್ಲಕ್ಕಿಂತ ದೊಡ್ಡದು ಸಿಕ್ಕಾಗ ಮಾತ್ರ ಅದನ್ನು ಒಮ್ಮೆ ಮುಟ್ಟಿ ನೋಡಿ ನೀರಿಗೆ ಬಿಡಿ. ನೀವು ಬಿಟ್ಟರೆ ಗೆಂಡೆ ಕುಳ್ಳಾಗುವುದೇ ಇಲ್ಲ, ಆಗ ನನ್ನ ಅವ್ವನಿಗೆ ನಾನು ಸಾರು ಮಾಡಿಕೊಟ್ಟೇನು.

ತುಳಜವ್ವನ ಮಗಳು,
ಹೊನ್ನವ್ವ