ಎಲ್ಲರ ಜೊತೆ ಮಾತಾಡುವ ಡಬ್ಬಿ

ತಗಬಾನ್ ದ್ವೀಪ, ಬೊಹೋಲ್
೧೮ ಡಿಸೆಂಬರ್ ೨೦೦೮

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಆ ಮರಳುನಾಡಿನ ದಮ್ಮಾಮ್‌ನ ಚಳಿಗೆ ನಿನ್ನ ಕೆಮ್ಮು ಮತ್ತೆ ಶುರುವಾಯಿತೇ? ಸಿಗ್ನಲ್ ಟವರ್ ಹತ್ತುವಾಗ ಎದೆಗೆ ಬೆಚ್ಚಗೆ ಏನಾದರೂ ಹಾಕಿಕೋ. ನಾವೆಲ್ಲ ಚೆನ್ನಾಗಿದ್ದೇವೆ. ಇ-ಮೇಲ್ ಬಿಟ್ಟು ಕಾಗದವೇಕೆ ಎನ್ನಬೇಡ. ಆರೋಗ್ಯ ಕೇಂದ್ರದ ಕಂಪ್ಯೂಟರ್ ಮುಂದೆ ಕೂತರೆ ಹಿಂದೆ ನಿಂತು ಓದುವವರೇ ನಾಲ್ಕು ಜನ.

ನಿನಗೆ ಕೃತಜ್ಞತೆ ಹೇಳಬೇಕು, ಅದಕ್ಕೇ ಬರೆಯುತ್ತಿದ್ದೇನೆ. ಪಟ್ಟಣದಿಂದ ದ್ವೀಪಕ್ಕೆ ವೈರ್‌ಲೆಸ್ ಇಂಟರ್ನೆಟ್ ತರಲು ನಮ್ಮ ದ್ವೀಪದ ಸಂಘದವರು ಸಭೆ ಸೇರಿದ್ದು ನಿನಗೆ ಗೊತ್ತು. ಅಂಗಡಿಯವನು ತೋರಿಸಿದ ಅಗ್ಗದ ಜೋಡಿ ಡಬ್ಬಿಗೆ, ಆ ದಡಕ್ಕೊಂದು ಈ ದಡಕ್ಕೊಂದು, ಅರ್ಧ ಬೆಲೆ, ವೇಗವೂ ಹೆಚ್ಚು. ಎಲ್ಲರೂ ಅದಕ್ಕೇ ಕೈ ಎತ್ತಿದರು. ನಾನು ಎದ್ದು ನಿಂತು ನಿನ್ನ ಕಾಗದ ಓದಿದೆ: "ಆ ಡಬ್ಬಿ ತನ್ನ ಕಂಪನಿಯ ಡಬ್ಬಿ ಜೊತೆ ಮಾತ್ರ ಮಾತಾಡುತ್ತೆ ಫೆಲೀಸಾ. ಪೇಟೆ ನಡುವೆ ಇದ್ರೆ ತಗೊಳ್ಳಿ, ತಪ್ಪಿಲ್ಲ. ಸಮುದ್ರದ ನಡುವೆ ಇರೋರು ಯಾರ ಜೊತೆ ಬೇಕಾದ್ರೂ ಮಾತಾಡೋದನ್ನ ತಗೋಬೇಕು." ಸಂಘದ ಅಧ್ಯಕ್ಷ ದಿಯೊನಿಸಿಯೊ ಮಾವ ಬಿಡುತ್ತಾರೆಯೇ? "ಸೂಲಗಿತ್ತಿಗೆ ಡಬ್ಬಿ ಮಾತು ಯಾಕಮ್ಮಾ? ನೀನು ಮಗು ಹಿಡಿ, ನಾವು ಸಿಗ್ನಲ್ ಹಿಡೀತೀವಿ!" ಸಭೆಯೆಲ್ಲ ನಕ್ಕಿತು. ನನ್ನ ಕಿವಿ ಕೆಂಪಾದರೂ ಕೂರಲಿಲ್ಲ. "ಕೆಟ್ಟ ದಿನ ಇದೇ ಕಂಪನಿ ಡಬ್ಬಿ ಎಲ್ಲಿಂದ ತರ್ತೀರಿ ಮಾವ?" ಎಂದು ಕೇಳಿದೆ. ಕೊನೆಗೆ ಗೊಣಗುತ್ತಲೇ ನೀನು ಹೇಳಿದ್ದನ್ನು ತಂದರು. ನಿಜ ಹೇಳಲೇ? ಮೊದಲ ತಿಂಗಳು ಅದರ ವೇಗ ನೋಡಿ ನಾನೇ ಪಶ್ಚಾತ್ತಾಪಪಟ್ಟೆ. ಚಿತ್ರ ಮೂಡುವಷ್ಟರಲ್ಲಿ ಅನ್ನ ಬೇಯುತ್ತಿತ್ತು.

ನವೆಂಬರ್ ಬಿರುಗಾಳಿಗೆ ನಮ್ಮ ಕೇಂದ್ರದ ಸೂರಿನ ಮೇಲಿನ ಡಬ್ಬಿ ಸಮುದ್ರದ ಪಾಲಾಯಿತು. ಅಂಥದೇ ಇನ್ನೊಂದು ಬರಲು ಆರು ವಾರ ಬೇಕೆಂದರು. ಆದರೆ ಹಡಗುಕಟ್ಟೆಯ ಕಚೇರಿಯಲ್ಲಿ ಬೇರೆ ಕಂಪನಿಯದೊಂದು ಹಳೆಯದು ಬಿದ್ದಿತ್ತು. ಬೇಡಿ ತಂದು ಕಟ್ಟಿದೆವು. ಹೆಸರು, ಗುಟ್ಟಿನ ಪದ ಹಾಕಿದ ಮೇಲೆ ಒಂದು ಗಳಿಗೆಯಲ್ಲಿ ಪಟ್ಟಣದ ಡಬ್ಬಿ ಸಿಕ್ಕಿತೆಂದು ಹಸಿರು ದೀಪ ಹತ್ತಿತು. ಪಕ್ಕದ ದ್ವೀಪದವರು ಅಗ್ಗದ ಜೋಡಿ ಕೊಂಡಿದ್ದರು. ಅವರದೂ ಒಂದು ಹೋಯಿತು, ಉಳಿದದ್ದು ಈಗ ಗೂಡಿನಲ್ಲಿ ಮೂಗನಂತೆ ಕೂತಿದೆ.

ನಾಲ್ಕನೆಯ ದಿನ ಬೆಳಿಗ್ಗೆ ಮೀನುಗಾರ ಎಲ್ಪಿದಿಯೊನ ಹೆಂಡತಿ ಕೊರಾಲಿಗೆ ಹೆರಿಗೆಯಾಯಿತು. ಹೆಣ್ಣು ಮಗು. ಆಮೇಲೆ ರಕ್ತ ನಿಲ್ಲಲೇ ಇಲ್ಲ. ಹದಿನೇಳು ವರ್ಷದಲ್ಲಿ ಇಷ್ಟು ರಕ್ತ ನೋಡಿರಲಿಲ್ಲ ಅಣ್ಣಾ, ಕಂಪ್ಯೂಟರಿನಲ್ಲಿ ಪಟ್ಟಣಕ್ಕೆ ಕರೆ ಮಾಡಿದೆ. ಪರದೆಯ ಮೇಲೆ ಪಟ್ಟಣದ ಡಾಕ್ಟರಮ್ಮ ನನ್ನ ಕೈಯನ್ನೇ ನೋಡುತ್ತಾ, "ಅಲ್ಲೇ ಒತ್ತಿ ಹಿಡಿ ಫೆಲೀಸಾ, ಬಿಡಬೇಡ, ದೋಣಿ ಹೊರಟಾಯ್ತು" ಎನ್ನುತ್ತಲೇ ಇದ್ದರು. ಒಂದೂಕಾಲು ಗಂಟೆ ಹಿಡಿದೆ. ದೋಣಿ ಬಂತು, ಅವಳನ್ನು ಆಸ್ಪತ್ರೆಗೆ ಒಯ್ದಿತು. ಮೊನ್ನೆ ಕೊರಾಲಿ ಮಗುವನ್ನೆತ್ತಿಕೊಂಡು ತಾನೇ ನಡೆದು ಬಂದಳು. ದಿಯೊನಿಸಿಯೊ ಮಾವ ಒಂದು ಬುಟ್ಟಿ ಏಡಿ ತಂದಿಟ್ಟು, "ನಿನ್ನ ಅಣ್ಣನಿಗೆ ಕಳಿಸೋಕಾಗಲ್ಲ, ನೀನೇ ತಿನ್ನು" ಎಂದರು. ನಿನ್ನ ಪಾಲಿನದನ್ನೂ ನಾನೇ ತಿಂದೆ.

ಎಲ್ಲರ ಹಾರೈಕೆ ನಿನ್ನ ಮೇಲಿದೆ. ದೇವರು ನಿನ್ನ ಹೆಜ್ಜೆ ಜಾರದಂತೆ ಕಾಯಲಿ.

ನಿನ್ನ ತಂಗಿ,
ಫೆಲೀಸಾ

ಮರೆತೆ ಎನ್ನಬೇಡ, ಧೈರ್ಯ ಸಾಲದೆ ಕೊನೆಗಿಟ್ಟೆ: ನಿನ್ನೆ ಅಪ್ಪ ಕೇಂದ್ರಕ್ಕೆ ಬಂದರು. ಅಮ್ಮನ ಮಣ್ಣಿಗೆ ನೀನು ಬರಲಿಲ್ಲವೆಂದು ಆರು ವರ್ಷ ನಿನ್ನ ಹೆಸರೆತ್ತದವರು, ಪರದೆ ನೋಡುತ್ತಾ, "ಅವನಿಗೆ ರಜೆ ಕೊಡಲಿಲ್ಲ ಅಂದಿದ್ದು ನಿಜವೇನೇ?" ಎಂದು ಕೇಳಿದರು. ನಿಜ ಅಂದೆ. ಕುರ್ಚಿ ಎಳೆದು ಕೂತು, "ಇದರಲ್ಲಿ ಅವನ ಮುಖ ಕಾಣುತ್ತಾ?" ಎಂದರು. ಜನವರಿ ಹದಿನಾರು, ಶುಕ್ರವಾರ, ನಿನಗೆ ಬೆಳಿಗ್ಗೆ ಹನ್ನೊಂದು ಗಂಟೆ. ಅವರನ್ನು ನಾನೇ ಪರದೆಯ ಮುಂದೆ ಕೂರಿಸುತ್ತೇನೆ. ನೀನು ಗಡ್ಡ ಬೋಳಿಸಿಕೊಂಡು ಬಾ.